ನೆಲದ ಹತ್ತಿರದ ಗಾಳಿಯೂ ಲೋಕದ ವಾಯುಗುಣದ ಗಣಿತವೂ

ವ್ಯವಸಾಯಕ್ಕೆ ಸಂಬಂಧಪಟ್ಟ ಗಾಳಿಯು ಮುಗಿಲಿನ ಮೇಲಿರುವ ಗಾಳಿಯಲ್ಲ. ನೆಲದಿಂದ ಹೆಚ್ಚೆಂದರೆ ಒಂದು ತೆಂಗಿನ ಮರದ ಎತ್ತರದೊಳಗೆ ಸುಳಿದಾಡುವ ಗಾಳಿ. ರಾಗಿಯ ತೆನೆ ಕಾಳು ಕಟ್ಟುವುದು, ಅಡಿಕೆಯ ಹೊಂಬಾಳೆ ಒಡೆಯುವುದು, ಬತ್ತದ ಎಲೆಯ ಮೇಲೆ ಇಬ್ಬನಿ ನಿಂತು ಬೆಂಕಿರೋಗ ತಗಲುವುದು, ಬಿತ್ತನೆಗೆ ಬಂದ ಹೊಲದ ಹದವು ಎರಡು ದಿನಗಳ ಬಿಸಿಲಿಗೆ ಆರಿಹೋಗುವುದು, ಇವೆಲ್ಲವೂ ಈ ತೆಳುವಾದ ಪದರದೊಳಗೇ ನಡೆಯತಕ್ಕ ಕಾರ್ಯಗಳು. ಮೇಲಿನ ಗಾಳಿಯಲ್ಲಿ ಎಂತಹ ಬದಲಾವಣೆಯಾದರೂ ಅದು ಈ ಪದರದ ಮೂಲಕವೇ ಬೆಳೆಗೆ ಮುಟ್ಟಬೇಕು.

ಈಚೆಗೆ ಈ ಗಾಳಿಯ ಮುಂದಿನ ಸ್ಥಿತಿಯನ್ನು ಕುರಿತ ಅಂದಾಜುಗಳು ಗ್ರಾಮಗಳವರೆಗೂ ಬಂದು ಮುಟ್ಟುತ್ತಲಿವೆ. ಈ ಶತಮಾನದ ಮಧ್ಯದ ವೇಳೆಗೆ ಇಂಥ ಜಿಲ್ಲೆಯ ಉಷ್ಣವು ಇಷ್ಟು ಡಿಗ್ರಿ ಏರುವುದೆಂದೂ, ಮಳೆಯ ದಿನಗಳು ಇಷ್ಟು ವ್ಯತ್ಯಾಸವಾಗುವುವೆಂದೂ ಹೇಳುವ ಪಟ್ಟಿಗಳನ್ನು ಮುಂದಿಟ್ಟುಕೊಂಡು ಕೆರೆಗಳ ದುರಸ್ತು, ತೋಟಗಳ ವಿಸ್ತರಣೆ, ಬೆಳೆವಿಮೆ, ಜಲಾನಯನದ ಕಾಮಗಾರಿ ಮುಂತಾದ ವಿಷಯಗಳನ್ನು ಚರ್ಚಿಸುವ ಕಾಲವು ಬಂದಿದೆ. ಈ ಪಟ್ಟಿಗಳನ್ನು ವೇದವಾಕ್ಯವೆಂದು ನಂಬುವವರು ಕೆಲವರು. ಕವಡೆ ಶಾಸ್ತ್ರವೆಂದು ತಳ್ಳಿಹಾಕುವವರು ಕೆಲವರು. ಎರಡೂ ಸರಿಯಲ್ಲ. ಭೂಮಂಡಲದ ವಾಯುಗುಣವನ್ನು ಲೆಕ್ಕಮಾಡುವ ಗಣಿತಮಾದರಿಗಳು ಮೇಲಿನ ಗಾಳಿಯನ್ನು ಬಲ್ಲಷ್ಟು ಚೆನ್ನಾಗಿ ನೆಲದ ಹತ್ತಿರದ ಗಾಳಿಯನ್ನು ಬಲ್ಲವಲ್ಲ. ಈ ನ್ಯೂನತೆಯು ದೊಡ್ಡ ದೊಡ್ಡ ಯಂತ್ರಗಳಿಂದ ಮಾತ್ರವೇ ನೀಗತಕ್ಕದ್ದಲ್ಲ. ಹೊಲಗದ್ದೆಗಳ ನಡುವೆ ಅನೇಕ ವರ್ಷ ಬಿಡದೆ ನಡೆಯುವ ಅಳತೆಯಿಂದ ನೀಗತಕ್ಕದ್ದು. ಆ ಅಳತೆಯಾದರೋ ಗ್ರಾಮದ ಮುಖ್ಯಸ್ಥರ ಮತ್ತು ಜಮೀನುದಾರರ ಸಹಾಯವಿಲ್ಲದೆ ನಡೆಯಲಾರದು.

ಲೋಕವನ್ನು ಚೌಕಗಳಾಗಿ ಹಂಚುವ ಕ್ರಮ

ಈ ಗಣಿತದ ಕ್ರಮವು ತಿಳಿಯಲು ಕಷ್ಟವಾದುದಲ್ಲ. ಭೂಮಿಯ ಮೇಲ್ಮೈಯನ್ನು ಚೌಕಾಬಾರದ ಹಾಸಿನಂತೆ ಚೌಕಗಳಾಗಿ ಹಂಚಿ, ಒಂದೊಂದು ಚೌಕದ ಮೇಲಿನ ಗಾಳಿಯನ್ನೂ ಮಹಡಿಗಳಂತೆ ಅನೇಕ ಪದರಗಳಾಗಿ ವಿಭಾಗಿಸುತ್ತಾರೆ. ಪ್ರತಿಯೊಂದು ಮನೆಯಲ್ಲಿಯೂ ಗಾಳಿಯ ಒತ್ತಡ, ಉಷ್ಣ, ತೇವ, ವೇಗ ಇವುಗಳನ್ನು ಬರೆದು, ಕೆಲವು ನಿಮಿಷಗಳ ತರುವಾಯ ಅವು ಎಷ್ಟಾಗುವುವೆಂಬುದನ್ನು ಭೌತಶಾಸ್ತ್ರದ ನಿಯಮಗಳ ಪ್ರಕಾರ ಲೆಕ್ಕಹಾಕುತ್ತಾರೆ. ಹೀಗೆ ನೂರಾರು ವರ್ಷಗಳವರೆಗೆ ಲೆಕ್ಕವನ್ನು ಮುಂದುವರಿಸುವುದು ಗಣಕಯಂತ್ರಗಳ ಕೆಲಸ.

ಈ ಆಲೋಚನೆಯು ಗಣಕಯಂತ್ರಕ್ಕಿಂತಲೂ ಹಳೆಯದು. ಲೂಯಿ ಫ್ರೈ ರಿಚರ್ಡ್‌ಸನ್ ಎಂಬ ಇಂಗ್ಲೆಂಡಿನ ಶಾಸ್ತ್ರಜ್ಞರು ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಫ್ರಾನ್ಸ್ ದೇಶದಲ್ಲಿ ಗಾಯಾಳುಗಳ ಗಾಡಿಯನ್ನು ನಡೆಸುತ್ತ, ಬಿಡುವಿನ ವೇಳೆಯಲ್ಲಿ ೧೯೧೦ನೆಯ ಇಸವಿ ಮೇ ೨೦ನೆಯ ದಿನದ ಯೂರೋಪಿನ ಹವೆಯನ್ನು ಕೈಯಿಂದಲೇ ಲೆಕ್ಕಮಾಡಿ ನೋಡಿದರು. ಆರು ಗಂಟೆಗಳಲ್ಲಿ ಒತ್ತಡವು ೧೪೫ ಮಿಲಿಬಾರ್ ಏರಬೇಕೆಂದು ಲೆಕ್ಕವು ಹೇಳಿತು. ವಾಸ್ತವದಲ್ಲಿ ಅದು ಹೆಚ್ಚು ಕಡಮೆ ಇದ್ದಲ್ಲಿಯೇ ಇದ್ದಿತು. ನಿಯಮಗಳು ತಪ್ಪಾಗಿರಲಿಲ್ಲ, ಆರಂಭಕ್ಕೆ ತೆಗೆದುಕೊಂಡ ಗಾಳಿಯ ಅಳತೆಗಳು ಒಂದಕ್ಕೊಂದು ಹೊಂದಿಕೊಂಡಿರಲಿಲ್ಲ. ೧೯೨೨ರಲ್ಲಿ ಪ್ರಕಟವಾದ ಅವರ ಗ್ರಂಥದಲ್ಲಿ ಈ ಸೋಲನ್ನೂ ಮರೆಮಾಚದೆ ಬರೆದಿರುವುದಲ್ಲದೆ, ಮಣ್ಣಿನ ತೇವ ಮತ್ತು ಗಿಡಗಳ ಎಲೆಗಳಿಂದ ಹೊರಡುವ ಆವಿ ಇವುಗಳನ್ನೂ ಲೆಕ್ಕಕ್ಕೆ ಸೇರಿಸಬೇಕೆಂದು ತೋರಿಸಿಕೊಟ್ಟಿದ್ದಾರೆ. ಹವೆಯ ಗಣಿತವು ಹುಟ್ಟಿದಂದಿನಿಂದಲೂ ಹೊಲವು ಅದರ ಒಂದು ಅಂಗವಾಗಿಯೇ ಇದೆ ಎಂಬುದನ್ನು ವಾಚಕರು ಗಮನಿಸತಕ್ಕದ್ದು.

ಈಗಿನ ಲೋಕಮಾದರಿಗಳಲ್ಲಿ ಅನೇಕವು ಸುಮಾರು ೧೦೦ ಕಿಲೋಮೀಟರ್ ಉದ್ದ, ಅಷ್ಟೇ ಅಗಲದ ಚೌಕಗಳನ್ನು ಇಟ್ಟುಕೊಂಡಿರುತ್ತವೆ. ಕರ್ನಾಟಕ ರಾಜ್ಯದ ವಿಸ್ತೀರ್ಣವು ೧,೯೧,೭೯೧ ಚದರ ಕಿಲೋಮೀಟರ್. ಎಂದರೆ ಇಡೀ ರಾಜ್ಯವು ಹತ್ತೊಂಬತ್ತು ಚೌಕಗಳಲ್ಲಿ ಮುಗಿದುಹೋಗುವುದು. ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ವಿಜ್ಞಾನ ಸಂಸ್ಥೆಯವರು ಸಿದ್ಧಪಡಿಸಿ ಅಂತರರಾಷ್ಟ್ರೀಯ ಹೋಲಿಕೆಗೆ ಸೇರಿಸಿದ ಮಾದರಿಯ ಚೌಕವು ಸುಮಾರು ೨೦೦ ಕಿಲೋಮೀಟರಿನದು. ಅದರಲ್ಲಿ ರಾಜ್ಯಕ್ಕೆ ಐದು ಚೌಕಗಳು. ಆಗುಂಬೆಯ ಮಳೆಕಾಡನ್ನೂ ಅದರ ಮೂಡಲಿನ ಬಯಲು ಸೀಮೆಯ ಒಣಹೊಲವನ್ನೂ ಒಂದೇ ಮನೆಯಲ್ಲಿ ಕಟ್ಟಿ, ಎರಡಕ್ಕೂ ಸೇರಿ ಒಂದು ಸರಾಸರಿಯನ್ನು ಹೇಳುವುದು ಇಂಥ ಲೆಕ್ಕದಲ್ಲಿ ಅನಿವಾರ್ಯ.

ತಳಪದರದ ಸ್ವಭಾವ

ನೆಲದ ಬಿಸಿ, ತಂಪು, ಒರಟುತನ ಇವುಗಳ ಪರಿಣಾಮವು ನೇರವಾಗಿ ಮುಟ್ಟುವಷ್ಟು ಎತ್ತರದ ಗಾಳಿಯನ್ನು ತಳಪದರವೆಂದು ಕರೆಯಬಹುದು. ಹಗಲಿನಲ್ಲಿ ಸೂರ್ಯನ ಶಾಖದಿಂದ ನೆಲವು ಕಾದು, ಒಲೆಯ ಮೇಲಿಟ್ಟ ಎಸರಿನಂತೆ ಗಾಳಿಯು ಕೆಳಗಿನಿಂದ ಕುದಿದು ಮೇಲೇಳುವುದರಿಂದ ಈ ಪದರವು ಒಂದೆರಡು ಕಿಲೋಮೀಟರ್ ಎತ್ತರಕ್ಕೆ ಬೆಳೆಯುತ್ತದೆ. ರಾತ್ರಿ ನೆಲವು ತಣ್ಣಗಾದೊಡನೆ ಕುದಿತವು ನಿಂತು, ಪದರವು ನೂರು ಇನ್ನೂರು ಮೀಟರಿಗೆ ಕುಗ್ಗುತ್ತದೆ. ಬೆಳಗ್ಗೆ ಒಲೆಯ ಹೊಗೆಯು ಮನೆಗಳ ಮೇಲೆಯೇ ಹಾಸಿಕೊಂಡಿರುವುದಕ್ಕೂ, ಬಿಸಿಲೇರಿದ ಮೇಲೆ ಅದು ಕಾಣದೆ ಹೋಗುವುದಕ್ಕೂ ಇದೇ ಕಾರಣ.

ಈ ಪದರದೊಳಗೆ ಶಾಖವನ್ನೂ ಆವಿಯನ್ನೂ ಮೇಲಕ್ಕೆ ಸಾಗಿಸುವುವು ಗಾಳಿಯ ಸುಳಿಗಳು. ಅವುಗಳಲ್ಲಿ ದೊಡ್ಡದು ಒಂದು ಕಿಲೋಮೀಟರಿನಷ್ಟು ಇದ್ದರೆ, ಚಿಕ್ಕದು ರಾಗಿಯ ಕಾಳಿನಷ್ಟು ಇರಬಹುದು. ನೂರು ಕಿಲೋಮೀಟರಿನ ಚೌಕವುಳ್ಳ ಮಾದರಿಗೆ ಇವುಗಳಲ್ಲಿ ಒಂದೂ ಕಾಣದು. ಆದಕಾರಣ ಸುಳಿಗಳ ಒಟ್ಟು ಕೆಲಸವು ಎಷ್ಟಿರಬಹುದೆಂಬುದನ್ನು ಒಂದು ನಿಯಮದಿಂದ ಊಹಿಸಿ ಲೆಕ್ಕದಲ್ಲಿ ಸೇರಿಸಬೇಕಾಗಿದೆ. ಊರಿನ ಪ್ರತಿಯೊಂದು ಗೂಡೆಯನ್ನೂ ಅಳೆಯದೆ ಕಣದ ರಾಶಿಯ ಮೇಲೆ ಕಣ್ಣಂದಾಜು ಮಾಡುವಂತೆ ಇದು.

ಆ ನಿಯಮವು ಬಂದ ಬಗೆಯನ್ನು ತಿಳಿದರೆ ಅದರ ಬಲವೂ ಮಿತಿಯೂ ಗೊತ್ತಾಗುವುವು. ೧೯೧೨ರಲ್ಲಿ ಟೈಟಾನಿಕ್ ಹಡಗು ಮುಳುಗಿದ ತರುವಾಯ, ೧೯೧೩ರಲ್ಲಿ ಹಿಮದ ಗಡ್ಡೆಗಳ ಮೇಲೆ ಕಾವಲಿಗಾಗಿ ಹೊರಟ ಸ್ಕೋಷಿಯಾ ಎಂಬ ಹಡಗಿನಲ್ಲಿ ಜಿ. ಐ. ಟೇಲರ್ ಎಂಬ ತರುಣ ವಿದ್ವಾಂಸರು ಗಾಳಿಪಟಗಳಿಗೆ ಉಪಕರಣಗಳನ್ನು ಕಟ್ಟಿ ಹಾರಿಸಿ, ಸಮುದ್ರದ ಮೇಲಿನ ಗಾಳಿಯಲ್ಲಿ ಸುಳಿಗಳು ಶಾಖವನ್ನು ಸಾಗಿಸುವ ಬಗೆಯನ್ನು ಪರೀಕ್ಷಿಸಿದರು. ೧೯೫೪ರಲ್ಲಿ ರಷ್ಯಾ ದೇಶದ ಮೋನಿನ್ ಮತ್ತು ಒಬುಖೋವ್ ಎಂಬುವರು, ನೆಲದ ಒರಟುತನ, ಗಾಳಿಯ ಉಜ್ಜಾಟ, ಮೇಲೇಳುವ ಶಾಖ ಇಷ್ಟನ್ನೇ ತಿಳಿದರೆ ನೆಲದ ಹತ್ತಿರದ ಗಾಳಿಯ ವೇಗವೂ ಉಷ್ಣವೂ ಎತ್ತರಕ್ಕೆ ತಕ್ಕಂತೆ ಹೇಗೆ ಬದಲಾಗುವುವೆಂಬುದನ್ನು ಹೇಳಬಹುದೆಂದು ತೋರಿಸಿದರು. ಆ ಸೂತ್ರದಲ್ಲಿ ತುಂಬಬೇಕಾದ ಅಂಕಿಗಳಿಗಾಗಿ ೧೯೬೮ರಲ್ಲಿ ಅಮೆರಿಕಾ ದೇಶದ ಕ್ಯಾನ್ಸಸ್ ಸಂಸ್ಥಾನದಲ್ಲಿ, ಗೋದಿಯನ್ನು ಕೊಯ್ದ ಕೂಳೆಯ ಹೊಲವೊಂದರಲ್ಲಿ, ೩೨ ಮೀಟರಿನ ಗೋಪುರವನ್ನು ನಿಲ್ಲಿಸಿ ಅಳೆದರು. ಲೋಕಮಾದರಿಗಳು ಬಹಳ ಕಾಲ ಆಶ್ರಯಿಸಿಕೊಂಡು ಬಂದಿರುವ ಅಂಕಿಗಳಲ್ಲಿ ಆ ಹೊಲದ ಅಂಕಿಗಳೇ ಮುಖ್ಯವಾದುವು.

ಇದರಲ್ಲಿ ಆ ವಿದ್ವಾಂಸರ ದೋಷವೇನೂ ಇಲ್ಲ. ಆ ಹೊಲವನ್ನು ಆರಿಸಿದುದೇ ಅದು ಮೈಲಿಗಟ್ಟಲೆ ಸಮನಾಗಿ ಚಪ್ಪಟೆಯಾಗಿದ್ದಿತೆಂಬ ಕಾರಣದಿಂದ. ಸೂತ್ರವು ಅಂತಹ ನೆಲಕ್ಕೆ ಚೆನ್ನಾಗಿ ಹೊಂದುತ್ತದೆ. ಆದರೆ ಕೆರೆಯ ಹಿಂದೆ ಬತ್ತದ ಗದ್ದೆ, ಅದರ ಪಕ್ಕದಲ್ಲಿ ತೆಂಗಿನ ತೋಟ, ಏರಿಯ ಮೇಲೆ ರಾಗಿಹೊಲ, ಅದರಾಚೆಗೆ ಕುರುಚಲು ಗುಡ್ಡ, ಹೀಗೆ ಅರ್ಧ ಮೈಲಿಯೊಳಗೆ ನಾಲ್ಕು ಬಗೆಯ ನೆಲವಿರುವ ಗ್ರಾಮಕ್ಕೆ ಅದೇ ಸೂತ್ರವನ್ನು ಹಚ್ಚಿದಾಗ ಉತ್ತರವು ಅಷ್ಟೇ ನಂಬಿಕೆಗೆ ಅರ್ಹವಾಗಿರುತ್ತದೆಂದು ಹೇಳುವಂತಿಲ್ಲ. ಹುಲ್ಲುಗಾವಲಿಗಿಂತ ನಿಂತ ಬೆಳೆಯ ಒರಟುತನವು ಹತ್ತು ಪಟ್ಟು, ಬೆಳೆಗಿಂತ ಕಾಡಿನದು ಇನ್ನೂ ಹತ್ತು ಪಟ್ಟು ಎಂದು ಸ್ಥೂಲವಾಗಿ ಹೇಳಬಹುದು. ಇಷ್ಟು ಭೇದಗಳನ್ನು ಒಂದು ಚೌಕದಲ್ಲಿ ಬೆರಸಿ ಸರಾಸರಿ ತೆಗೆಯುವುದು ಸುಲಭವಾದ ಕಾರ್ಯವಲ್ಲ.

ಇನ್ನೊಂದು ವಿಷಯವನ್ನೂ ಗಮನಿಸಬೇಕು. ಮಾದರಿಯ ಅತ್ಯಂತ ಕೆಳಗಿನ ಮಹಡಿಯೇ ಸಾಮಾನ್ಯವಾಗಿ ಹತ್ತಾರು ಮೀಟರ್ ದಪ್ಪವಾಗಿರುವುದು. ಪಟ್ಟಿಗಳಲ್ಲಿ ಕಾಣುವ ಎರಡು ಮೀಟರ್ ಎತ್ತರದ ಉಷ್ಣವನ್ನು ಮಾದರಿಯು ಸ್ವತಃ ಲೆಕ್ಕಹಾಕಿದುದಲ್ಲ. ನೆಲದ ಉಷ್ಣ ಮತ್ತು ಕೆಳಮಹಡಿಯ ಉಷ್ಣ ಇವೆರಡರ ನಡುವೆ ಮೇಲಿನ ಸೂತ್ರದಿಂದ ಅಂದಾಜುಮಾಡಿ ಬರೆದುದು. ರೈತನಿಗೆ ಅತ್ಯಂತ ಅವಶ್ಯವಾದ ಅಂಕಿಯೇ ಹೀಗೆ ಎರಡನೆಯ ಕೈಯದಾಗಿರುತ್ತದೆ.

ಹದದ ಲೆಕ್ಕ

ತಳಪದರದ ಸ್ಥಿತಿಯನ್ನು ನಿರ್ಣಯಿಸುವುದರಲ್ಲಿ ಮಣ್ಣಿನ ಹದಕ್ಕೆ ಇರುವಷ್ಟು ಬಲವು ಬೇರೆ ಯಾವುದಕ್ಕೂ ಇಲ್ಲವೆಂದರೂ ಸಲ್ಲುವುದು. ಬಿಸಿಲಿನ ಶಾಖವು ತೇವವಿರುವ ನೆಲದ ಮೇಲೆ ಬಿದ್ದರೆ ನೀರನ್ನು ಆವಿಮಾಡುವುದರಲ್ಲಿ ವೆಚ್ಚವಾಗುತ್ತದೆ. ಒಣ ನೆಲದ ಮೇಲೆ ಬಿದ್ದರೆ ಗಾಳಿಯನ್ನು ಕಾಯಿಸುತ್ತದೆ. ಒಂದು ಎಕರೆಯ ಮೇಲೆ ಒಂದು ಮಿಲಿಮೀಟರ್ ನೀರೆಂದರೆ ೪,೦೦೦ ಲೀಟರಿಗೂ ಸ್ವಲ್ಪ ಹೆಚ್ಚು. ಅಷ್ಟು ನೀರು ಆವಿಯಾಗಲು ಬೇಕಾಗುವ ಶಾಖವು ಸುಮಾರು ೨,೭೫೦ ಯೂನಿಟ್ ವಿದ್ಯುಚ್ಛಕ್ತಿಗೆ ಸಮಾನ. ಬೇಸಗೆಯಲ್ಲಿ ನೀರು ನಿಂತ ಬತ್ತದ ಗದ್ದೆಯಿಂದ ದಿನಕ್ಕೆ ಐದು ಮಿಲಿಮೀಟರ್ ಆವಿಯಾಗುವುದು ಅಪೂರ್ವವಲ್ಲ; ಎಂದರೆ ಎಕರೆಯೊಂದಕ್ಕೆ ದಿನಕ್ಕೆ ೧೩,೭೦೦ಕ್ಕೂ ಹೆಚ್ಚು ಯೂನಿಟ್ಟಿನಷ್ಟು ಶಾಖವು ಗಾಳಿಯನ್ನು ಕಾಯಿಸದೆ ಆವಿಯೊಳಗೆ ಅಡಗಿ ಮೇಲೆ ಹೋಗುವುದು. ಪಕ್ಕದ ಉತ್ತ ಒಣಹೊಲದಲ್ಲಿ ಆ ಶಾಖದ ಬಹುಭಾಗವು ಗಾಳಿಗೂ ಮಣ್ಣಿಗೂ ಸೇರುತ್ತದೆ. ಖುಷ್ಕಿ, ತರಿ, ಬಾಗಾಯ್ತು ಎಂಬ ಭೇದಗಳು ಕಂದಾಯದ ಲೆಕ್ಕಕ್ಕೆ ಮಾತ್ರ ಸೇರಿದುವಲ್ಲ, ವಾಯುಮಂಡಲದ ಲೆಕ್ಕಕ್ಕೂ ಸೇರಿದುವು ಎಂಬುದು ಇದರಿಂದ ಸ್ಪಷ್ಟವಾಗುವುದು.

ಲೋಕಮಾದರಿಗಳು ಈ ಹದವನ್ನು ಮೊದಲು ಬಹು ಸರಳವಾಗಿ ಎಣಿಸಿದುವು. ೧೯೬೯ರಲ್ಲಿ, ಜಪಾನಿನಲ್ಲಿ ಜನಿಸಿ ಅಮೆರಿಕಾದಲ್ಲಿ ಕೆಲಸಮಾಡುತ್ತಿದ್ದ ಸ್ಯುಕುರೊ ಮನಾಬೆಯವರು, ಭೂಮಿಯ ಎಲ್ಲ ನೆಲವನ್ನೂ ೧೫ ಸೆಂಟಿಮೀಟರ್ ನೀರು ಹಿಡಿಯುವ ಒಂದೊಂದು ಬಕೀಟೆಂದು ಭಾವಿಸಿ ಲೆಕ್ಕಮಾಡಿದರು. ಮಳೆಯಿಂದ ಬಕೀಟು ತುಂಬುವುದು, ಆವಿಯಿಂದ ಇಳಿಯುವುದು, ತುಂಬಿದ ಮೇಲೆ ಬಿದ್ದ ನೀರು ಹೊಳೆಗೆ ಹರಿಯುವುದು. ಎರೆಭೂಮಿಗೂ ಮರಳು ಮಿಶ್ರಿತ ಕೆಂಪುಭೂಮಿಗೂ ಒಂದೇ ಬಕೀಟು! ಆದರೂ ಆ ಸರಳತೆಯಿಂದಲೇ ಈ ಶಾಸ್ತ್ರವು ಮುಂದುವರಿಯಿತು. ಮನಾಬೆಯವರಿಗೆ ೨೦೨೧ರಲ್ಲಿ ನೊಬೆಲ್ ಬಹುಮಾನವೂ ದೊರೆಯಿತು. ೧೯೮೦ರ ದಶಕದಿಂದ ಈಚೆಗೆ ಮಣ್ಣಿನ ಪದರಗಳು, ಬೇರಿನ ಆಳ, ಎಲೆಯ ಹರವು, ಎಲೆಯ ರಂಧ್ರಗಳು ತೆರೆದು ಮುಚ್ಚುವ ರೀತಿ ಇವೆಲ್ಲವೂ ಮಾದರಿಗಳಲ್ಲಿ ಸೇರಿವೆ. ಆದಾಗ್ಯೂ ಕಾಲುವೆ ಮತ್ತು ಕೊಳವೆಬಾವಿಗಳಿಂದ ಹೊಲಕ್ಕೆ ಹಾಯಿಸುವ ನೀರು ಇಂದಿಗೂ ಅನೇಕ ಲೋಕಮಾದರಿಗಳ ಲೆಕ್ಕದಲ್ಲಿ ಇಲ್ಲ. ಅವುಗಳ ದೃಷ್ಟಿಯಲ್ಲಿ ಮಂಡ್ಯದ ನಾಲಾ ಬಯಲೂ ಮಳೆಯನ್ನೇ ನಂಬಿದ ಹೊಲವೇ ಸರಿ.

ಇದು ಅಲ್ಪ ಲೋಪವೆಂದು ತಳ್ಳುವಂತಿಲ್ಲ. ೨೦೦೪ರಲ್ಲಿ ಹನ್ನೆರಡು ಮಾದರಿಗಳನ್ನು ಒಟ್ಟಿಗೆ ಹೋಲಿಸಿ ನೋಡಿದಾಗ, ಮಣ್ಣಿನ ಹದವು ಮಳೆಯ ಮೇಲೆ ವಿಶೇಷವಾಗಿ ಪರಿಣಾಮವನ್ನುಂಟುಮಾಡುವ ಪ್ರದೇಶಗಳಲ್ಲಿ ಇಂಡಿಯಾ ದೇಶವೂ ಒಂದೆಂದು ಕಂಡುಬಂದಿತು. ಅದೇ ಹೋಲಿಕೆಯಲ್ಲಿ, ಈ ಪರಿಣಾಮದ ಪ್ರಮಾಣವನ್ನು ಕುರಿತು ಮಾದರಿ ಮಾದರಿಗೂ ಬಹಳ ವ್ಯತ್ಯಾಸವಿರುವುದೂ ಕಂಡುಬಂದಿತು. ನೆಲದ ಹದವು ಅತಿ ಮುಖ್ಯವಾಗಿರುವ ಸೀಮೆಯಲ್ಲಿಯೇ ಅದರ ಲೆಕ್ಕವು ಅನಿಶ್ಚಿತವಾಗಿರುವುದು ಯೋಚಿಸತಕ್ಕ ಸಂಗತಿ.

ರಾತ್ರಿಯ ಗಾಳಿ

ಹಗಲಿಗಿಂತಲೂ ರಾತ್ರಿಯ ಲೆಕ್ಕವು ಕಠಿಣ. ನಿರ್ಮಲವಾದ ರಾತ್ರಿಯಲ್ಲಿ ಗಾಳಿಯು ನಿಶ್ಚಲವಾದಾಗ ಸುಳಿಗಳು ಸಣ್ಣವಾಗಿ, ಬಿಟ್ಟು ಬಿಟ್ಟು ಬರುತ್ತವೆ. ಸೂತ್ರವು ಆಗ ಸಡಿಲವಾಗುತ್ತದೆ. ಸೂತ್ರದಂತೆಯೇ ಬಿಟ್ಟರೆ ಲೆಕ್ಕದ ನೆಲವು ಅತಿಯಾಗಿ ತಣ್ಣಗಾಗುವುದರಿಂದಲೂ, ದೂರದ ಗಾಳಿಯ ಚಲನೆಯೂ ಕೆಡುವುದರಿಂದಲೂ, ಹವಾಮುನ್ಸೂಚನೆಯ ಮಾದರಿಗಳಲ್ಲಿ ಅನೇಕವು ರಾತ್ರಿಯ ಗಾಳಿಯನ್ನು ವಾಸ್ತವಕ್ಕಿಂತ ಹೆಚ್ಚಾಗಿ ಕಲಕಿಬಿಡುವ ಪದ್ಧತಿಯನ್ನು ಇಟ್ಟುಕೊಂಡವು. ಒಂದು ಬಾಬಿನ ಕೊರತೆಯನ್ನು ಇನ್ನೊಂದು ಬಾಬಿನಿಂದ ಸರಿದೂಗಿಸಿದ ಖಾತೆಯಂತೆ ಇದರ ಒಟ್ಟು ಮೊತ್ತವು ಸರಿಹೋಗಬಹುದು. ಆದರೆ ಇಬ್ಬನಿ ಎಷ್ಟು ಬಿದ್ದಿತು, ಮುಂಜಾವದ ಚಳಿಯು ಎಷ್ಟಿದ್ದಿತು ಎಂಬ ಬಿಡಿ ಬಾಬುಗಳು ನಂಬಿಕೆಗೆ ಅರ್ಹವಾಗವು.

ಈ ರಾತ್ರಿಯ ವಿಷಯದಲ್ಲಿ ಇಂಡಿಯಾ ದೇಶದವರು ಕಂಡುಹಿಡಿದ ಒಂದು ಸಂಗತಿಯು ಸ್ಮರಣೀಯವಾದುದು. ವ್ಯವಸಾಯವನ್ನು ಕುರಿತ ರಾಯಲ್ ಕಮಿಷನ್ನಿನ ೧೯೨೮ರ ಸಲಹೆಯ ಫಲವಾಗಿ ೧೯೩೨ರಲ್ಲಿ ಪುಣೆಯಲ್ಲಿ ವ್ಯವಸಾಯ ಹವಾಶಾಸ್ತ್ರದ ಶಾಖೆಯು ಏರ್ಪಟ್ಟಿತು. ಅದರ ಮುಖ್ಯಸ್ಥರಾಗಿದ್ದ ಎಲ್. ಎ. ರಾಮದಾಸರು, ಬರಿನೆಲದ ಮೇಲೆ ನಿರ್ಮಲವಾದ ರಾತ್ರಿಯಲ್ಲಿ ಅತ್ಯಂತ ತಂಪಾದ ಗಾಳಿಯು ನೆಲಕ್ಕೆ ತಗಲಿಕೊಂಡಿರದೆ ಗೇಣು ಮೊಳದೆತ್ತರದಲ್ಲಿ ಇರುವುದೆಂದು ಅದೇ ವರ್ಷ ಪ್ರಕಟಿಸಿದರು. ನೆಲವೇ ಮೊದಲು ತಣಿದು ಗಾಳಿಯನ್ನು ತಣಿಸುವುದೆಂದು ಪುಸ್ತಕಗಳು ಹೇಳುತ್ತಿದ್ದುದರಿಂದ, ಇದು ಉಪಕರಣದ ದೋಷವಿರಬೇಕೆಂದು ಅನೇಕರು ಬಹುಕಾಲ ನಂಬದೆ ಹೋದರು. ಕೊನೆಗೆ ಅಳತೆಯೇ ಗೆದ್ದಿತು. ೧೯೯೩ರಲ್ಲಿ ಬೆಂಗಳೂರಿನ ವಿದ್ವಾಂಸರಾದ ವಾಸುದೇವ ಮೂರ್ತಿ, ಶ್ರೀನಿವಾಸನ್, ರೊದ್ದಂ ನರಸಿಂಹ ಇವರು ಶಾಖದ ವಿಕಿರಣದ ಮೂಲಕ ಇದಕ್ಕೆ ಕಾರಣವನ್ನು ವಿವರಿಸಿದರು. ತರುವಾಯ ಅದೇ ನಗರದ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದವರು ನೆಲದ ಹತ್ತಿರ ತೇಲುವ ಸೂಕ್ಷ್ಮ ಕಣಗಳೇ ಇದಕ್ಕೆ ಮುಖ್ಯ ಕಾರಣವೆಂದು ವಾದಿಸಿದ್ದಾರೆ. ಮೊಳಕೆಯೊಡೆದ ಎಳೆಯ ಪೈರು ನಿಲ್ಲುವುದು ಸರಿಯಾಗಿ ಆ ಗೇಣೆತ್ತರದಲ್ಲಿಯೇ. ಹತ್ತಾರು ಮೀಟರ್ ದಪ್ಪದ ಮಹಡಿಯನ್ನಿಟ್ಟುಕೊಂಡ ಮಾದರಿಗೆ ಈ ಪದರವು ಇದೆಯೆಂಬುದೇ ತಿಳಿಯದು.

ಕೆಲವು ಆಕ್ಷೇಪಣೆಗಳು

ಚೌಕಗಳನ್ನು ಕಿರಿದುಮಾಡುತ್ತ ಹೋದರೆ ಈ ತೊಡಕುಗಳೆಲ್ಲ ತಾವಾಗಿಯೇ ಬಗೆಹರಿಯುವುವೆಂದು ಕೆಲವರು ಹೇಳಬಹುದು. ಕಿರಿದಾದ ಚೌಕದಿಂದ ಪ್ರಯೋಜನವಿದೆ ಎಂಬುದು ನಿಜ. ಘಟ್ಟದ ಏರು, ಕರಾವಳಿಯ ಅಂಚು ಅದರಲ್ಲಿ ಸ್ಪಷ್ಟವಾಗುತ್ತವೆ. ೨೦೨೫ರ ಮೇ ತಿಂಗಳಲ್ಲಿ ಆರಂಭವಾದ ‘ಭಾರತ್ ಫೋರ್‌ಕಾಸ್ಟ್ ಸಿಸ್ಟಂ’ ಎಂಬ ಹವಾಮುನ್ಸೂಚನೆಯ ಮಾದರಿಯ ಚೌಕವು ೬ ಕಿಲೋಮೀಟರಿನದು. ಆದರೆ ಅಂತಹ ಒಂದು ಚೌಕದಲ್ಲಿಯೂ ಸುಮಾರು ೮,೯೦೦ ಎಕರೆ ನೆಲವು ಅಡಗುವುದು. ಅಷ್ಟರಲ್ಲಿ ಎಷ್ಟು ಬಗೆಯ ಜಮೀನುಗಳಿರುವುವೆಂಬುದನ್ನು ಜಮೀನುದಾರರಿಗೆ ಹೇಳಬೇಕಾದುದಿಲ್ಲ. ಚೌಕವನ್ನು ಇನ್ನೂ ಕುಗ್ಗಿಸಿ ಒಂದು ಕಿಲೋಮೀಟರಿಗೆ ತಂದರೆ ಹಗಲಿನ ದೊಡ್ಡ ಸುಳಿಯೂ ಚೌಕದಷ್ಟೇ ಆಗಿ, ಅದನ್ನು ನೇರವಾಗಿ ಲೆಕ್ಕಮಾಡುವುದೋ ಸೂತ್ರದಿಂದ ಊಹಿಸುವುದೋ ಎಂಬ ಹೊಸ ತೊಡಕು ಏಳುವುದು. ತೂತಿನ ಜರಡಿಯನ್ನು ಸಣ್ಣದು ಮಾಡಿದ ಮಾತ್ರಕ್ಕೆ ಕಾಳಿನ ಗುಣವು ತಿಳಿಯುವುದಿಲ್ಲ. ಕಾಳನ್ನು ಕೈಗೆತ್ತಿಕೊಂಡು ನೋಡಲೇಬೇಕು.

ಹಳೆಯ ದಾಖಲೆಗಳಿಂದ ತಾನೇ ಕಲಿಯುವ ಹೊಸ ಬಗೆಯ ಯಂತ್ರಗಣಿತವು ಬಂದಿರುವುದರಿಂದ ಸೂತ್ರಗಳ ಚಿಂತೆಯೇ ಬೇಡವೆಂಬುದು ಇನ್ನೊಂದು ವಾದ. ೨೦೨೫ರ ಮುಂಗಾರಿಗೆ ಮೊದಲು ಕೇಂದ್ರ ವ್ಯವಸಾಯ ಮಂತ್ರಾಲಯದವರು ಇಂತಹ ಗಣಿತದ ಸಹಾಯದಿಂದ ಮಳೆಯ ಆರಂಭವನ್ನು ಕುರಿತ ಸಂದೇಶಗಳನ್ನು ಕೋಟಿಗಟ್ಟಲೆ ರೈತರಿಗೆ ಕಳುಹಿಸಿದರು. ಇದು ಮೆಚ್ಚತಕ್ಕ ಕಾರ್ಯವೇ ಸರಿ. ಆದರೆ ಈ ಯಂತ್ರಗಳು ಓದಿ ಕಲಿಯುವ ದಾಖಲೆಯು ಬಹುಮಟ್ಟಿಗೆ, ಗತಕಾಲದ ಹವೆಯನ್ನು ಮಾದರಿಯ ಮೂಲಕವೇ ಪುನಃ ಕಟ್ಟಿದ ದಾಖಲೆಯಾಗಿರುತ್ತದೆ. ಎಲ್ಲಿ ನೆಲದ ಮೇಲೆ ಅಳತೆಯಿಲ್ಲವೋ ಅಲ್ಲಿ ಆ ದಾಖಲೆಯು ಮಾದರಿಯ ಊಹೆಯನ್ನೇ ತುಂಬಿಕೊಂಡಿರುವುದು. ಗುರುವಿಗೆ ತಿಳಿಯದುದನ್ನು ಶಿಷ್ಯನು ಎಲ್ಲಿಂದ ಕಲಿತಾನು?

ಮೂರನೆಯ ಆಕ್ಷೇಪಣೆಯು ಗ್ರಾಮಗಳಲ್ಲಿಯೇ ಕೇಳಿಬರುವುದು. ಇಷ್ಟು ನ್ಯೂನತೆಗಳುಳ್ಳ ಗಣಿತವನ್ನು ಬಿಟ್ಟು, ಹಿರಿಯರು ಕಂಡುಕೊಂಡ ಮಳೆನಕ್ಷತ್ರಗಳ ಲೆಕ್ಕವನ್ನೇ ನೆಚ್ಚಬಾರದೇಕೆ? ಹಿರಿಯರ ಅನುಭವವು ಆದರಣೀಯವಾದುದು. ಆದರೆ ಅದು ಅವರ ಕಾಲದ ಹವೆಯಿಂದ ಹುಟ್ಟಿದುದು. ಕೇಂದ್ರ ಸರ್ಕಾರದ ಭೂವಿಜ್ಞಾನ ಮಂತ್ರಾಲಯವು ೨೦೨೦ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ೧೯೦೧ರಿಂದ ೨೦೧೮ರವರೆಗೆ ಇಂಡಿಯಾ ದೇಶದ ಸರಾಸರಿ ಉಷ್ಣವು ಸುಮಾರು ೦.೭ ಡಿಗ್ರಿ ಸೆಲ್ಸಿಯಸ್ ಏರಿದೆ. ಇಂಗಾಲಾಮ್ಲವು ಹೆಚ್ಚಿದಷ್ಟೂ ಭೂಮಿಯು ಕಾಯುವುದೆಂಬುದು ತಳಪದರದ ಸೂತ್ರಗಳನ್ನು ಅವಲಂಬಿಸಿದ ತೀರ್ಮಾನವಲ್ಲ. ಇಡೀ ಭೂಮಿಯ ಶಾಖದ ಆಯವ್ಯಯದಿಂದ ಬಂದ ತೀರ್ಮಾನ. ಈ ವಿಷಯದಲ್ಲಿ ಮಾದರಿಗಳು ಏಕಾಭಿಪ್ರಾಯದಿಂದಿವೆ, ಅಳತೆಗಳೂ ಅವನ್ನು ಸಮರ್ಥಿಸುತ್ತವೆ. ಅನಿಶ್ಚಯವಿರುವುದು ಆ ಬಿಸಿಯು ಇಂಥ ಹೋಬಳಿಯ ಇಂಥ ಹೊಲದ ಹದ, ಇಬ್ಬನಿ, ಮುಂಜಾವದ ಚಳಿ ಇವುಗಳಲ್ಲಿ ಯಾವ ರೂಪವನ್ನು ತಾಳುವುದೆಂಬ ವಿಷಯದಲ್ಲಿ. ಒಂದನ್ನು ಇನ್ನೊಂದರೊಡನೆ ಬೆರಸಿ, ಎರಡನೆಯದು ಸಂದಿಗ್ಧವೆಂಬ ಕಾರಣದಿಂದ ಮೊದಲನೆಯದನ್ನೂ ಅಲ್ಲಗಳೆಯುವುದು ವಿವೇಕವಲ್ಲ.

ಮಾಡತಕ್ಕ ಕಾರ್ಯಗಳು

ಸುಳಿಗಾಳಿಯು ಹೊತ್ತೊಯ್ಯುವ ಶಾಖವನ್ನೂ ಆವಿಯನ್ನೂ ನೇರವಾಗಿ ಅಳೆಯುವ ಗೋಪುರಗಳು ಈ ದೇಶದಲ್ಲಿ ವಿರಳ. ೧೯೯೦ರಲ್ಲಿ ಜೋಧಪುರ, ದಿಲ್ಲಿ, ವಾರಾಣಸಿ, ಖರಗ್‌ಪುರಗಳಲ್ಲಿ ಗೋಪುರಗಳನ್ನು ನಿಲ್ಲಿಸಿ ಮುಂಗಾರಿನ ಕಾಲದ ತಳಪದರವನ್ನು ಅಳೆದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಆ ಕಾರ್ಯದಲ್ಲಿ ಮುಂದಾಗಿದ್ದರು. ೨೦೧೬ರ ಮುಂಗಾರಿನಲ್ಲಿ ಇಂಡಿಯಾ ಮತ್ತು ಬ್ರಿಟನ್ನಿನ ವಿದ್ವಾಂಸರು ಕೂಡಿ ನಡೆಸಿದ ಪರಿಶೋಧನೆಯಲ್ಲಿ ಧಾರವಾಡದ ಕೃಷಿ ವಿಶ್ವವಿದ್ಯಾನಿಲಯದಲ್ಲಿಯೂ, ಗುಂಡ್ಲುಪೇಟೆ ತಾಲ್ಲೂಕಿನ ಬೇರಂಬಾಡಿಯಲ್ಲಿಯೂ ಇಂತಹ ಅಳತೆಗಳಾದುವು. ಇವು ಸ್ತುತ್ಯವಾದ ಕಾರ್ಯಗಳು. ಆದರೆ ಒಂದೆರಡು ಮುಂಗಾರುಗಳ ಅಳತೆಯು ಬರಗಾಲವನ್ನೂ ಅತಿವೃಷ್ಟಿಯನ್ನೂ ಕಂಡ ಅಳತೆಯಾಗಲಾರದು. ಎರೆಭೂಮಿಯ ಜೋಳದ ಹೊಲ, ಕೆಂಪುಭೂಮಿಯ ರಾಗಿಹೊಲ, ನಾಲಾ ಬಯಲಿನ ಗದ್ದೆ, ಮಲೆನಾಡಿನ ಅಡಿಕೆ ತೋಟ ಈ ನಾಲ್ಕು ಬಗೆಯ ನೆಲಗಳಲ್ಲಿ ಒಂದೊಂದರಲ್ಲಾದರೂ ಇಪ್ಪತ್ತು ಮೂವತ್ತು ವರ್ಷ ನಿಲ್ಲದೆ ನಡೆಯುವ ಅಳತೆಯ ಸ್ಥಾನವಿರುವುದು ಅವಶ್ಯ. ಇದಕ್ಕೆ ತಗಲುವ ವೆಚ್ಚವು, ತಪ್ಪು ಅಂದಾಜಿನ ಮೇಲೆ ಬೆಳೆಸಿದ ತೋಟಗಳು ಒಣಗಿದಾಗ ಆಗುವ ನಷ್ಟದ ಮುಂದೆ ಅಲ್ಪವೆಂದೇ ಎಣಿಸಬೇಕು.

ಇದು ಸರ್ಕಾರದ ಹೊಣೆಯಾದರೆ, ಗ್ರಾಮದ ಹೊಣೆಯೂ ಬೇರೊಂದಿದೆ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವರು ಗ್ರಾಮ ಪಂಚಾಯಿತಿಗಳ ಮಟ್ಟದಲ್ಲಿ ೬,೦೦೦ಕ್ಕೂ ಹೆಚ್ಚು ಮಳೆಮಾಪಕಗಳನ್ನೂ, ಹೋಬಳಿಗಳಲ್ಲಿ ಹವಾಮಾಪನ ಕೇಂದ್ರಗಳನ್ನೂ ಸ್ಥಾಪಿಸಿದ್ದಾರೆ. ಇಷ್ಟು ದಟ್ಟವಾದ ಏರ್ಪಾಡು ಬೇರೆ ಸೀಮೆಗಳಲ್ಲಿ ಸುಲಭವಾಗಿ ಕಾಣಸಿಗದು. ಮಾದರಿಗಳನ್ನು ಒರೆಹಚ್ಚಿ ನೋಡಲು ಇದೇ ಒರೆಗಲ್ಲು. ಆದರೆ ಮಳೆಮಾಪಕದ ಬಳಿ ಮರ ಬೆಳೆದು ಮಳೆಯನ್ನು ತಡೆದರೆ, ಉಷ್ಣಮಾಪಕದ ಪಕ್ಕದಲ್ಲಿ ಕಾಂಕ್ರೀಟಿನ ಅಂಗಳವಾದರೆ, ಹುಲ್ಲಿನ ಬಣವೆಯು ಗಾಳಿಯನ್ನು ಮರೆಮಾಡಿದರೆ ಆ ಒರೆಗಲ್ಲು ಕೆಟ್ಟಿತೆಂದೇ ಅರ್ಥ. ಹತ್ತಿರದ ಮರ ಅಥವಾ ಕಟ್ಟಡವು ತನ್ನ ಎತ್ತರದ ಎರಡರಷ್ಟಾದರೂ ದೂರದಲ್ಲಿರಬೇಕು; ನಾಲ್ಕರಷ್ಟಿದ್ದರೆ ಉತ್ತಮ. ಈ ಒಂದು ನಿಯಮವನ್ನು ಪ್ರತಿಯೊಂದು ಗ್ರಾಮದ ಮುಖ್ಯಸ್ಥರೂ ವರ್ಷಕ್ಕೊಮ್ಮೆ, ಮುಂಗಾರಿಗೆ ಮುಂಚೆ, ಸ್ಥಳಕ್ಕೆ ಹೋಗಿ ನೋಡಿ ಪಾಲಿಸುವಂತೆ ಮಾಡಿದರೆ ಬಹಳ ಉಪಕಾರವಾಗುವುದು. ಹವೆಯನ್ನು ಆಧರಿಸಿದ ಬೆಳೆವಿಮೆಯಲ್ಲಿ ಇದೇ ಅಂಕಿಗಳ ಮೇಲೆ ಪರಿಹಾರವು ನಿರ್ಣಯವಾಗುವುದರಿಂದ, ಉಪಕರಣಕ್ಕೆ ಕೈಹಾಕಿ ಅಂಕಿಯನ್ನು ಕೆಡಿಸುವವನು ತೂಕದ ಕಲ್ಲನ್ನು ಕೆತ್ತಿದವನಿಗೆ ಸಮಾನನು. ಅವನಿಂದ ಒಂದು ವರ್ಷದ ವಿಮೆ ಮಾತ್ರವಲ್ಲ, ಮುಂದಿನ ಪೀಳಿಗೆಯ ಲೆಕ್ಕವೂ ಕೆಡುವುದು.

ಜಮೀನುದಾರರಲ್ಲಿ ಅನುಕೂಲವುಳ್ಳವರು ಅಳತೆಯ ಗೋಪುರಕ್ಕೆ ನಾಲ್ಕಾರು ಗುಂಟೆ ನೆಲವನ್ನು ದೀರ್ಘಕಾಲದ ಕರಾರಿನ ಮೇಲೆ ಕೊಡಲು ಮುಂದೆ ಬರಬಹುದು. ಅದರ ಸುತ್ತಲಿನ ಬೆಳೆಯನ್ನು ಎಂದಿನಂತೆಯೇ ಬೆಳೆಯುವುದರಲ್ಲಿ ಅಡ್ಡಿಯಿಲ್ಲ. ಹಾಗೆ ಬೆಳೆದರೇ ಅಳತೆಗೆ ಬೆಲೆ. ಬಿತ್ತಿದ ದಿನ, ನೀರು ಹಾಯಿಸಿದ ದಿನ ಮತ್ತು ಪ್ರಮಾಣ, ಕೊಯ್ದ ದಿನ ಇವುಗಳನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟರೆ, ಮಾದರಿಗಳಲ್ಲಿ ಇಲ್ಲದಿರುವ ನೀರಾವರಿಯ ಲೆಕ್ಕಕ್ಕೆ ಅದಕ್ಕಿಂತ ಉತ್ತಮವಾದ ಆಧಾರವು ಬೇರಿಲ್ಲ.

ಕಡೆಯದಾಗಿ, ಮುಂದಿನ ವಾಯುಗುಣವನ್ನು ಕುರಿತ ಪಟ್ಟಿಯನ್ನು ಗ್ರಾಮಸಭೆಯ ಮುಂದೆ ತಂದವರನ್ನು ಮುಖ್ಯಸ್ಥರು ಮೂರು ಪ್ರಶ್ನೆಗಳನ್ನು ಕೇಳತಕ್ಕದ್ದು. ಈ ಅಂಕಿಯು ಎಷ್ಟು ಕಿಲೋಮೀಟರಿನ ಚೌಕದ್ದು? ಎಷ್ಟು ಮಾದರಿಗಳು ಇದನ್ನು ಹೇಳುತ್ತವೆ, ಅವುಗಳಲ್ಲಿ ಅತಿ ಕಡಮೆ ಮತ್ತು ಅತಿ ಹೆಚ್ಚಿನ ಅಂಕಿಗಳು ಯಾವುವು? ಹಿಂದಿನ ಮೂವತ್ತು ವರ್ಷಗಳಿಗೆ ಇದೇ ಮಾದರಿಗಳನ್ನು ಹಚ್ಚಿ, ಈ ತಾಲ್ಲೂಕಿನಲ್ಲಿ ಅಳೆದ ಉಷ್ಣ ಮತ್ತು ಮಳೆಯೊಡನೆ ಹೋಲಿಸಿ ನೋಡಿದೆಯೇ? ಇವಕ್ಕೆ ಉತ್ತರವುಳ್ಳ ಪಟ್ಟಿಯನ್ನು ಕೆರೆಯ ಕೋಡಿಯ ಎತ್ತರ, ತೋಟದ ವಿಸ್ತೀರ್ಣ, ಕೊಳವೆಬಾವಿಗಳ ಮಿತಿ ಮುಂತಾದ ದೀರ್ಘಕಾಲದ ನಿರ್ಣಯಗಳಲ್ಲಿ, ಒಂದೇ ಅಂಕಿಯನ್ನು ಹಿಡಿಯದೆ ಕಡಮೆ ಹೆಚ್ಚುಗಳ ಎರಡು ಅಂಚನ್ನೂ ಗಮನದಲ್ಲಿಟ್ಟು ಉಪಯೋಗಿಸಬಹುದು. ಬಿತ್ತನೆಯ ದಿನವನ್ನು ಗೊತ್ತುಮಾಡುವುದಕ್ಕೆ ಅದು ಸಾಧನವಲ್ಲ. ಅದಕ್ಕೆ ವಾರದ ಹವಾಮುನ್ಸೂಚನೆಯೂ, ಮುಷ್ಟಿಯಲ್ಲಿ ಹಿಡಿದು ನೋಡಿದ ಮಣ್ಣಿನ ಹದವೂ ಇವೆ. ಉತ್ತರವಿಲ್ಲದ ಪಟ್ಟಿಯನ್ನು ತಂದವರಿಗೇ ಹಿಂದಿರುಗಿಸಿ, ಉತ್ತರದೊಡನೆ ಬರಬೇಕೆಂದು ಹೇಳುವುದು ಗ್ರಾಮದ ಹಕ್ಕಾಗಿರುತ್ತದೆ.